ಕಾಲು ಗಳಿಗೆಯ ನಡಿಗೆ

ಮನೆಯ ಹಿರಿಯರೊಬ್ಬರು ಹಿತ್ತಿಲಿನಿಂದ ಅಡಿಗೆಮನೆಗೆ ಒಂದು ಕೊಡ ನೀರನ್ನು ತರುವಷ್ಟರಲ್ಲಿ ಎರಡು ಸಲ ನಿಂತು ಉಸಿರೆಳೆದುಕೊಂಡರೆ, ನೋಡಿದವರು ಸಾಮಾನ್ಯವಾಗಿ ಆಡುವ ಮಾತು ಒಂದೇ: "ವಯಸ್ಸಾಯಿತಲ್ಲ!" ಈ ಮಾತಿನಲ್ಲಿ ಮರುಕವುಂಟು; ವಿಚಾರವಿಲ್ಲ. ಎಪ್ಪತ್ತೈದರ ಪ್ರಾಯದಲ್ಲಿಯೂ ಅಂತರಘಟ್ಟೆಯ ಜಾತ್ರೆಯಲ್ಲಿ ಹಗಲೆಲ್ಲ ತಿರುಗಾಡಿ ಬರುವವರನ್ನು ನಾವು ಕಂಡಿದ್ದೇವೆ. ಐವತ್ತಕ್ಕೇ ಮನೆಯ ಮೆಟ್ಟಿಲನ್ನು ಹತ್ತಲಾರದೆ ಕಂಬವನ್ನು ಹಿಡಿದು ನಿಲ್ಲುವವರನ್ನೂ ಕಂಡಿದ್ದೇವೆ. ಆದಕಾರಣ ಏದುಸಿರನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸರಿಯಲ್ಲ. ಅದನ್ನು ಅಳೆದು ನೋಡುವ ಮಾರ್ಗವೊಂದಿದೆ. ದೇಹಸ್ಥಿತಿಯನ್ನು ಕುರಿತು ಈ ಪುಟಗಳಲ್ಲಿ ತಿಂಗಳಿಗೊಂದು ವಿಷಯವನ್ನು ನಿವೇದಿಸುತ್ತ ಬಂದಿರುವ ನಾನು, ಈ ಸಲ ಆ ಮಾರ್ಗವನ್ನು ವಾಚಕರಿಗೆ ಪರಿಚಯ ಮಾಡಿಕೊಡಬಯಸುತ್ತೇನೆ.

ಪರೀಕ್ಷೆಯೆಂಬ ಶಬ್ದವನ್ನು ಕೇಳಿದೊಡನೆ ಹೆದರುವವರುಂಟು. ಮೂವತ್ತು ಚಿಲ್ಲರೆ ವರ್ಷ ಪಾಠಶಾಲೆಯಲ್ಲಿ ಆ ಹೆದರಿಕೆಯನ್ನು ಕಣ್ಣಾರೆ ಕಂಡವನಾದ್ದರಿಂದ ಮೊದಲೇ ಒಂದು ಮಾತನ್ನು ಹೇಳಿಬಿಡುತ್ತೇನೆ. ಸಂಸ್ಕೃತದಲ್ಲಿ 'ಪರಿ' ಎಂದರೆ ಸುತ್ತಲೂ, 'ಈಕ್ಷಾ' ಎಂದರೆ ನೋಡುವಿಕೆ. ಒಂದು ವಸ್ತುವನ್ನು ಎಲ್ಲ ಕಡೆಯಿಂದಲೂ ನೋಡುವುದೇ ಪರೀಕ್ಷೆ. ತೇರ್ಗಡೆ, ನಪಾಸು ಎಂಬುವು ಆಮೇಲೆ ಬಂದು ಸೇರಿದುವು. ಇಲ್ಲಿ ಹೇಳಲಿರುವ ಪರೀಕ್ಷೆಯಲ್ಲಿ ನಪಾಸಾಗುವವರು ಯಾರೂ ಇಲ್ಲ.

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳೂ ಹಿಂದೆ ಕಡೂರು ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಸೇರಿದುವು. ತರೀಕೆರೆಯ ಪಶ್ಚಿಮಕ್ಕೆ ಮಲೆನಾಡಿನ ಬೆಟ್ಟಸಾಲು ಆರಂಭವಾಗುವುದು; ಕಡೂರು ತೆಂಗಿನ ತೋಟ, ರಾಗಿಯ ಹೊಲಗಳುಳ್ಳ ಬಯಲುಸೀಮೆ; ಅಜ್ಜಂಪುರ ಅಮೃತಮಹಲ್ ರಾಸುಗಳ ಕಾವಲಿಗೂ ಈರುಳ್ಳಿಯ ಬೆಳೆಗೂ ಹೆಸರಾದ ಊರು. ಬೆಳೆ ಬೇರೆಯಾದರೂ ಇಲ್ಲಿಯ ದುಡಿಮೆಗಾರರ ಉಸಿರಿಗೆ ಬರುವ ತೊಂದರೆ ಮಾತ್ರ ಬಹುಮಟ್ಟಿಗೆ ಒಂದೇ. ಅಡಕೆಯ ಸುಗ್ಗಿಯಲ್ಲಿ ದೊಡ್ಡ ಹಂಡೆಗಳ ಕೆಳಗೆ ಸೌದೆ ಉರಿಸಿ ಹೊತ್ತುಗಟ್ಟಲೆ ಬೇಯಿಸುವವರು ಆ ಹೊಗೆಯಲ್ಲಿಯೇ ನಿಲ್ಲುತ್ತಾರೆ. ರಾಗಿಯ ಕಣದಲ್ಲಿ ಒಕ್ಕಣೆಯ ದೂಳು, ಈರುಳ್ಳಿಯನ್ನು ಹಸನು ಮಾಡುವಲ್ಲಿ ಸಿಪ್ಪೆಯ ದೂಳು. ಇವೆಲ್ಲಕ್ಕೂ ಮಿಗಿಲಾಗಿ ತೆಂಗಿನ ಗರಿ, ಮಟ್ಟೆ, ಹತ್ತಿಕಡ್ಡಿ, ಬೆರಣಿಗಳನ್ನು ಉರಿಸುವ ಅಡಿಗೆಮನೆಯ ಒಲೆ. ಬೀಡಿ ಸಿಗರೇಟುಗಳ ಮಾತನ್ನು ನಾನು ಬೇರೆ ಹೇಳಬೇಕಾದುದಿಲ್ಲ. ಒಮ್ಮೆ ಕ್ಷಯರೋಗ ಬಂದು ಔಷಧದಿಂದ ವಾಸಿಯಾದವರಲ್ಲಿಯೂ ಕೆಲವರಿಗೆ ಶ್ವಾಸಕೋಶದಲ್ಲಿ ಕಲೆ ಉಳಿದು, ಏದುಸಿರು ಜೊತೆಗಾರನಾಗಿ ನಿಲ್ಲುವುದುಂಟು.

ಹೀಗೆ ವರ್ಷಗಟ್ಟಲೆ ಹೊಗೆ ದೂಳುಗಳನ್ನು ಕುಡಿದ ಶ್ವಾಸನಾಳಗಳು ಊದಿಕೊಂಡು ಕಿರಿದಾಗುವ ಮತ್ತು ಶ್ವಾಸಕೋಶದ ಸೂಕ್ಷ್ಮವಾದ ಗಾಳಿಗೂಡುಗಳು ಸಡಿಲವಾಗಿ ಹಾಳಾಗುವ ವ್ಯಾಧಿಗೆ ವೈದ್ಯರು ಸಂಕ್ಷೇಪವಾಗಿ ಸಿ.ಒ.ಪಿ.ಡಿ. ಎನ್ನುತ್ತಾರೆ. ನಮ್ಮ ಜನ ಇದನ್ನು ದಮ್ಮು, ಗೂರಲು, ಉಬ್ಬಸ ಎಂಬ ಹೆಸರುಗಳೊಳಗೇ ಸೇರಿಸಿಬಿಡುತ್ತಾರೆ. ಭಾರತದಲ್ಲಿ ಈ ವ್ಯಾಧಿಯುಳ್ಳವರು ೧೯೯೦ರಲ್ಲಿ ೨ ಕೋಟಿ ೮೧ ಲಕ್ಷ ಮಂದಿ ಇದ್ದರೆಂದೂ, ೨೦೧೬ರಲ್ಲಿ ೫ ಕೋಟಿ ೫೩ ಲಕ್ಷ ಮಂದಿ ಇದ್ದರೆಂದೂ ರಾಜ್ಯವಾರು ರೋಗಭಾರವನ್ನು ಲೆಕ್ಕಹಾಕಿದ ತಜ್ಞರು ೨೦೧೮ರಲ್ಲಿ ಪ್ರಕಟಿಸಿದರು. ೨೦೧೬ರಲ್ಲಿ ನಮ್ಮ ದೇಶದ ಮರಣಕಾರಣಗಳಲ್ಲಿ ಹೃದಯದ ರಕ್ತನಾಳದ ರೋಗಕ್ಕೆ ಮೊದಲನೆಯ ಸ್ಥಾನವಾದರೆ ಎರಡನೆಯದು ಇದಕ್ಕೆ. ಇಷ್ಟು ದೊಡ್ಡ ಶತ್ರುವನ್ನು "ವಯಸ್ಸಾಯಿತಲ್ಲ" ಎಂಬ ಒಂದು ಮಾತಿನಿಂದ ಒಳಗೆ ಬಿಟ್ಟುಕೊಳ್ಳುತ್ತಿದ್ದೇವೆ.

ಈ ರೋಗಿಗಳು ಕುಳಿತಾಗ ಚೆನ್ನಾಗಿದ್ದು, ನಡೆದಾಗ ಮಾತ್ರ ಕಂಗಾಲಾಗುವುದೇಕೆ? ಕಮ್ಮಾರನ ತಿದಿಯನ್ನು ನೆನಸಿಕೊಳ್ಳೋಣ. ತಿದಿಯ ಮೂತಿಯಲ್ಲಿ ಬೂದಿ ಕಟ್ಟಿಕೊಂಡಿದ್ದರೆ ಗಾಳಿ ಹೊರಗೆ ಹೋಗಲು ಬಹಳ ಹೊತ್ತು ಬೇಕು. ನಿಧಾನವಾಗಿ ಒತ್ತಿದರೆ ಹೇಗೋ ಕೆಲಸ ಸಾಗುವುದು. ಅವಸರದಿಂದ ಒತ್ತಿದರೆ, ಮೊದಲಿನ ಗಾಳಿ ಪೂರ್ತಿಯಾಗಿ ಹೊರಹೋಗುವ ಮುನ್ನವೇ ತಿದಿ ಮತ್ತೆ ಹಿಗ್ಗಬೇಕಾಗುವುದು. ಒಳಗೆ ಹಳೆಯ ಗಾಳಿಯೇ ತುಂಬಿಕೊಂಡು ಹೊಸದಕ್ಕೆ ಎಡೆಯಿಲ್ಲದಾಗುವುದು. ಈ ರೋಗದಲ್ಲಿ ಕಷ್ಟವಿರುವುದು ಮುಖ್ಯವಾಗಿ ಉಸಿರನ್ನು ಬಿಡುವುದರಲ್ಲಿ. ಕುಳಿತಾಗ ಉಸಿರು ನಿಧಾನವಾಗಿರುವುದರಿಂದ ಬಿಡಲು ಸಮಯ ಸಾಲುವುದು. ನಡೆಯಹೊರಟರೆ ಉಸಿರು ಬಿರುಸಾಗಿ, ಎದೆಯಲ್ಲಿ ಗಾಳಿ ಸಿಕ್ಕಿಕೊಂಡು, ಎದೆ ತುಂಬಿದ್ದರೂ ಉಸಿರು ಸಾಲದೆಂಬ ವಿಚಿತ್ರವಾದ ಸಂಕಟ ಹುಟ್ಟುವುದು. ಇದು ಕುಳಿತವನನ್ನು ನೋಡಿದ ಮಾತ್ರಕ್ಕೆ ತಿಳಿಯುವ ವಿಷಯವಲ್ಲ.

ಉಸಿರನ್ನು ಅಳೆಯುವ ಯಂತ್ರವಿದೆಯಲ್ಲ ಎಂದು ವಾಚಕರು ಕೇಳಬಹುದು. ಇದೆ. ಲಂಡನ್ನಿನಲ್ಲಿ ವೈದ್ಯನಾಗಿದ್ದ ಜಾನ್ ಹಚಿನ್‌ಸನ್ ಎಂಬಾತನು ೧೮೪೬ರಲ್ಲಿ ಸ್ಪೈರೋಮೀಟರೆಂಬ ಯಂತ್ರವನ್ನು ವರ್ಣಿಸಿ, ಎರಡು ಸಾವಿರಕ್ಕೂ ಮೇಲ್ಪಟ್ಟ ಜನರ ಉಸಿರನ್ನು ಅಳೆದು ಬರೆದನು. ಇಂದಿಗೂ ಈ ವ್ಯಾಧಿಯನ್ನು ನಿರ್ಣಯಿಸಲು ಸ್ಪೈರೋಮೀಟರೇ ಬೇಕು. ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿಯನ್ನು ಊದಿ ಹೊರಹಾಕಬಲ್ಲರೆಂಬುದರಿಂದ ನಾಳ ಎಷ್ಟು ಕಿರಿದಾಗಿದೆಯೆಂದು ತಿಳಿಯುತ್ತದೆ. ಆದರೆ ಅದು ಹೇಳುವುದು ನಾಳದ ಸ್ಥಿತಿಯನ್ನು, ಮನುಷ್ಯನ ಸ್ಥಿತಿಯನ್ನಲ್ಲ.

ದೃಷ್ಟಾಂತಕ್ಕಾಗಿ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಇಬ್ಬರಿಗೂ ಊದುವ ಶಕ್ತಿ ಇರಬೇಕಾದುದರ ಅರ್ಧಕ್ಕೆ ಇಳಿದಿದೆ. ಯಂತ್ರದ ಕಾಗದದಲ್ಲಿ ಇಬ್ಬರ ಅಂಕಿಯೂ ಒಂದೇ. ಒಬ್ಬನು ದಿನವೂ ಮೆಲ್ಲನೆ ತೋಟದವರೆಗೆ ಹೋಗಿ ನೀರು ತಿರುಗಿಸಿ ಬರುವವನು. ಇನ್ನೊಬ್ಬನನ್ನು ಮಕ್ಕಳು ಪ್ರೀತಿಯಿಂದ ಎರಡು ವರ್ಷಗಳ ಹಿಂದೆಯೇ ಜಗಲಿಯ ಮೇಲೆ ಕೂರಿಸಿದ್ದಾರೆ. ನಡೆಸಿ ನೋಡಿದರೆ ಮೊದಲನೆಯವನು ೬ ನಿಮಿಷದಲ್ಲಿ ೪೨೦ ಮೀಟರು ಹೋಗಬಹುದು. ಎರಡನೆಯವನು ೨೪೦ ಮೀಟರಿಗೇ ದಣಿಯಬಹುದು. ಇವರಿಬ್ಬರ ಬಾಳೂ ಬೇರೆ, ಮುಂದಿನ ಅಪಾಯವೂ ಬೇರೆ, ಮಾಡಬೇಕಾದ ಉಪಚಾರವೂ ಬೇರೆ. ಈ ಭೇದವನ್ನು ತೋರಿಸಿಕೊಡುವುದು ನಡಿಗೆಯೇ ಹೊರತು ಊದುವಿಕೆಯಲ್ಲ.

ನಮ್ಮ ಪ್ರಾಚೀನ ವೈದ್ಯರು ಈ ಭೇದವನ್ನು ಒಂದು ಮಟ್ಟಿಗೆ ಗಮನಿಸಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸ ಎಂದು ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸಿದೆ. ಕಾರಣಗಳನ್ನು ಹೇಳುವಾಗ ದೂಳು, ಹೊಗೆ, ಗಾಳಿ, ತಣ್ಣನೆಯ ಜಾಗ ಇವುಗಳನ್ನು ಹೆಸರಿಸಿದೆ. ಆಯಾಸದಿಂದ ಹುಟ್ಟುವ ಅಲ್ಪವಾದ ಏದುಸಿರಿಗೆ ಕ್ಷುದ್ರಶ್ವಾಸವೆಂದೂ, ಮೋಡ ಮುಸುಕಿದಾಗ ಉಲ್ಬಣಿಸಿ ಮಲಗಗೊಡದೆ ಕುಳಿತಾಗಲೇ ಸುಖವೆನಿಸುವ ಗೂರಲಿಗೆ ತಮಕಶ್ವಾಸವೆಂದೂ ಹೆಸರು. ಸುಶ್ರುತನಾದರೋ ವ್ಯಾಯಾಮವನ್ನು ಅರ್ಧಬಲದಷ್ಟೇ ಮಾಡತಕ್ಕದ್ದೆಂದು ವಿಧಿಸಿ, ಉಸಿರು ಬಾಯಿಗೆ ಬರುವುದೇ ಅರ್ಧಬಲ ಮುಗಿದುದರ ಗುರುತೆಂದು ತಿಳಿಸಿದ್ದಾನೆ. ಆದರೆ ಇಂದಿನ ಪರೀಕ್ಷೆಯೆಲ್ಲವೂ ಅಂದೇ ಇತ್ತೆಂದು ಹೇಳಿ ಹೆಮ್ಮೆಪಡುವುದು ಶಾಸ್ತ್ರಕ್ಕೆ ಮಾಡುವ ಉಪಕಾರವಲ್ಲ. ಅವರು ಗುರುತನ್ನು ಕಂಡರು. ಆ ಗುರುತನ್ನು ಗಡಿಯಾರದಿಂದಲೂ ಅಳತೆಯ ಪಟ್ಟಿಯಿಂದಲೂ ಅಂಕಿಯಾಗಿ ಮಾಡಿದವರು ಈಚಿನವರು.

ಆ ಕಥೆ ಹೀಗಿದೆ. ೧೯೬೩ರಲ್ಲಿ ಬ್ರೂನೊ ಬಾಲ್ಕೆ ಎಂಬ ವೈದ್ಯನು ಆರೋಗ್ಯವಂತರ ದೇಹದಾರ್ಢ್ಯವನ್ನು ಗೊತ್ತಾದ ಕಾಲದಲ್ಲಿ ಅವರು ಕ್ರಮಿಸುವ ದೂರದಿಂದ ಅಳೆಯಬಹುದೆಂದು ತೋರಿಸಿದನು. ೧೯೬೮ರಲ್ಲಿ ಅಮೆರಿಕದ ವಿಮಾನದಳದ ಕೂಪರ್ ಎಂಬ ವೈದ್ಯನು ೧೨ ನಿಮಿಷದ ಓಟವನ್ನು ಬಳಕೆಗೆ ತಂದನು. ಓಡಲಾರದ ರೋಗಿಗಳಿಗೆ ಅದನ್ನೇ ನಡಿಗೆಯಾಗಿ ಮಾರ್ಪಡಿಸಿ ೧೯೭೬ರಲ್ಲಿ ಪ್ರಕಟಿಸಿದವರು ಮೆಕ್‌ಗ್ಯಾವಿನ್, ಗುಪ್ತ, ಮೆಕ್‌ಹಾರ್ಡಿ ಎಂಬ ಮೂವರು. ೧೨ ನಿಮಿಷವೂ ರೋಗಿಗಳಿಗೆ ದೀರ್ಘವಾಯಿತೆಂದು ಕಂಡು, ಬಟ್‌ಲೆಂಡ್ ಮತ್ತು ಸಂಗಡಿಗರು ೨, ೬, ೧೨ ನಿಮಿಷಗಳ ನಡಿಗೆಗಳನ್ನು ಹೋಲಿಸಿ ನೋಡಿ, ೬ ನಿಮಿಷದ್ದು ತಕ್ಕದ್ದೆಂದು ೧೯೮೨ರಲ್ಲಿ ಬರೆದರು. ೨೦೦೨ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘವು ಇದರ ವಿಧಿನಿಯಮಗಳನ್ನು ಗೊತ್ತುಮಾಡಿತು. ೨೦೧೪ರಲ್ಲಿ ಯೂರೋಪಿನ ಸಂಘವೂ ಸೇರಿ ಅವನ್ನು ಪರಿಷ್ಕರಿಸಿತು.

೬ ನಿಮಿಷವೆಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಸರಿಯಾಗಿ ಕಾಲು ಗಳಿಗೆ. ಏಕೆಂದರೆ ಗಳಿಗೆಗೆ ೨೪ ನಿಮಿಷ. ಸೂರ್ಯಸಿದ್ಧಾಂತದ ಪ್ರಕಾರ ಗಳಿಗೆಗೆ ೬೦ ವಿಗಳಿಗೆ, ವಿಗಳಿಗೆಗೆ ೬ 'ಪ್ರಾಣ'. ಒಂದು ಪ್ರಾಣವೆಂದರೆ ಸ್ವಸ್ಥನಾದ ಮನುಷ್ಯನ ಒಂದು ಉಸಿರಾಟದ ಕಾಲ, ಅಂದರೆ ೪ ಸೆಕೆಂಡು. ಲೆಕ್ಕಹಾಕಿ ನೋಡಿದರೆ ಕಾಲು ಗಳಿಗೆಗೆ ೯೦ ಉಸಿರು, ನಿಮಿಷಕ್ಕೆ ೧೫. ಸುಮ್ಮನೆ ಕುಳಿತ ಆರೋಗ್ಯವಂತನ ಉಸಿರು ಇಂದಿನ ವೈದ್ಯರ ಎಣಿಕೆಯಲ್ಲಿಯೂ ಸುಮಾರಾಗಿ ಅಷ್ಟೇ. ಕಾಲವನ್ನು ಉಸಿರಿನಿಂದ ಅಳೆದ ಜನ ನಾವು. ಈ ಪರೀಕ್ಷೆಯಲ್ಲಿ ಉಸಿರನ್ನು ಕಾಲದಿಂದ ಅಳೆಯುತ್ತಾರೆ.

ಇನ್ನು ವಿಧಾನ. ಸಮತಟ್ಟಾದ, ಗಟ್ಟಿ ನೆಲದ, ೩೦ ಮೀಟರು ಉದ್ದದ ಒಂದು ಹಜಾರ ಬೇಕು. ಎರಡು ಕೊನೆಗಳಲ್ಲಿಯೂ ಗುರುತು ಇಟ್ಟಿರುತ್ತಾರೆ. ರೋಗಿಯು ತನ್ನ ಎಂದಿನ ಔಷಧವನ್ನು ತೆಗೆದುಕೊಂಡು, ಮೆತ್ತನೆಯ ಪಾದರಕ್ಷೆ ಮೆಟ್ಟಿ, ಊರುಗೋಲಿನ ಅಭ್ಯಾಸವಿದ್ದರೆ ಅದನ್ನೂ ಹಿಡಿದು ಬರಬೇಕು. ಮೊದಲು ಸ್ವಲ್ಪ ಹೊತ್ತು ಕುರ್ಚಿಯ ಮೇಲೆ ಕುಳಿತು ದಣಿವಾರಿಸಿಕೊಳ್ಳಬೇಕು. ಆಗ ನಾಡಿ, ರಕ್ತದ ಒತ್ತಡ, ರಕ್ತದಲ್ಲಿಯ ಆಮ್ಲಜನಕದ ಪ್ರಮಾಣ ಇವನ್ನು ನೋಡಿ ಬರೆದುಕೊಳ್ಳುವರು. ಆಮ್ಲಜನಕವನ್ನು ನೋಡಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿದೆ. ಇದರ ತತ್ತ್ವವನ್ನು ೧೯೭೪ರಲ್ಲಿ ಕಂಡುಕೊಟ್ಟವನು ಜಪಾನಿನ ಟಕುವೊ ಆವೊಯಾಗಿ. ೨೦೨೦ರ ಮಹಾಮಾರಿಯ ಕಾಲದಲ್ಲಿ ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯರ ಕೈಚೀಲದಲ್ಲಿಯೂ ಇದು ಕಾಣಿಸಿಕೊಂಡುದನ್ನು ಎಲ್ಲರೂ ಬಲ್ಲರು. ಇದಲ್ಲದೆ "ಈಗ ಉಸಿರಿನ ಕಷ್ಟ ಎಷ್ಟಿದೆ?" ಎಂದು ಕೇಳಿ, ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿಯನ್ನು ರೋಗಿಯ ಬಾಯಿಂದಲೇ ಹೇಳಿಸುವರು. ಸೊನ್ನೆಯೆಂದರೆ ಏನೂ ಇಲ್ಲ, ಹತ್ತೆಂದರೆ ತಾಳಲಾರದಷ್ಟು. ಸ್ವೀಡನ್ನಿನ ಗುನ್ನರ್ ಬೋರ್ಗ್ ಎಂಬ ವಿದ್ವಾಂಸನಿಂದ ಈ ಮಾನಕ್ಕೆ ಬೋರ್ಗ್ ಮಾನವೆಂದು ಹೆಸರು.

ಅನಂತರ ರೋಗಿಗೆ ಹೇಳುವ ಮಾತು ಇಷ್ಟೇ: ೬ ನಿಮಿಷದಲ್ಲಿ ನಿಮಗೆ ಸಾಧ್ಯವಾದಷ್ಟು ಹೆಚ್ಚು ದೂರ ನಡೆಯಿರಿ, ಓಡಬೇಡಿ, ದಣಿದರೆ ನಿಧಾನ ಮಾಡಿ, ನಿಲ್ಲಿ, ಗೋಡೆಗೆ ಒರಗಿಕೊಳ್ಳಿ, ಆದಷ್ಟು ಬೇಗ ಮತ್ತೆ ಹೊರಡಿ. ನಿಂತರೂ ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಪರೀಕ್ಷಕನು ರೋಗಿಯ ಪಕ್ಕದಲ್ಲಿ ನಡೆಯಕೂಡದು. ನಡೆದರೆ ರೋಗಿಯು ತನ್ನ ಹೆಜ್ಜೆಯನ್ನು ಬಿಟ್ಟು ಅವನ ಹೆಜ್ಜೆಗೆ ಹೆಜ್ಜೆ ಹಾಕುವನು. ನಿಮಿಷಕ್ಕೊಮ್ಮೆ "ಚೆನ್ನಾಗಿ ನಡೆಯುತ್ತಿದ್ದೀರಿ, ಇನ್ನು ಇಷ್ಟು ನಿಮಿಷವಿದೆ" ಎಂದು ಗೊತ್ತಾದ ಮಾತನ್ನು ಸಮಸ್ವರದಲ್ಲಿ ಹೇಳಬೇಕು, ಹೆಚ್ಚಾಗಿ ಹುರಿದುಂಬಿಸಕೂಡದು. ಇಷ್ಟು ಬಿಗಿಯೇಕೆಂದರೆ, ಹುರಿದುಂಬಿಸಿದ ಮಾತ್ರಕ್ಕೇ ನಡಿಗೆ ಸುಮಾರು ೩೦ ಮೀಟರು ಹೆಚ್ಚಾಗುವುದೆಂದು ೧೯೮೪ರಲ್ಲಿ ಗಯಟ್ ಎಂಬಾತನು ಸಂಗಡಿಗರೊಡನೆ ಪ್ರಯೋಗ ಮಾಡಿ ತೋರಿಸಿದನು. ಒಳ್ಳೆಯ ಮಾತಿಗೆ ಎಷ್ಟು ಬಲವುಂಟೆಂಬುದಕ್ಕೆ ಉಪಾಧ್ಯಾಯರಾದ ನಮಗೆ ಬೇರೆ ಪ್ರಮಾಣ ಬೇಡ. ಆದರೆ ಅಳತೆಗೋಲು ಒಂದೊಂದು ಸಲ ಒಂದೊಂದು ಉದ್ದವಾದರೆ ಅಳತೆ ಕೆಡುವುದು. ಮೊದಲನೆಯ ಸಲ ಅಭ್ಯಾಸವಿಲ್ಲದೆ ಕಡಿಮೆ ನಡೆಯುವುದು ಸಹಜವಾದ್ದರಿಂದ, ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಟ್ಟು ಇನ್ನೊಮ್ಮೆ ನಡೆಸಿ, ಎರಡರಲ್ಲಿ ಹೆಚ್ಚಿನ ದೂರವನ್ನು ತೆಗೆದುಕೊಳ್ಳುವುದು ಕ್ರಮ.

ಹೀಗೆ ದೊರೆತ ಅಂಕಿಗಳಿಂದ ವೈದ್ಯರಿಗೆ ಮೂರು ಸಂಗತಿಗಳು ತಿಳಿಯುವುವು.

ಮೊದಲನೆಯದು, ಒಟ್ಟು ಸ್ಥಿತಿ. ಅಮೆರಿಕದ ಎನ್‌ರೈಟ್ ಮತ್ತು ಶೆರಿಲ್ ಎಂಬವರು ೧೯೯೮ರಲ್ಲಿ ೪೦ರಿಂದ ೮೦ ವರ್ಷದ ಆರೋಗ್ಯವಂತರನ್ನು ನಡೆಸಿದಾಗ ಗಂಡಸರ ಮಧ್ಯಮಾಂಕ ೫೭೬ ಮೀಟರು, ಹೆಂಗಸರದು ೪೯೪ ಮೀಟರು ಬಂತು. ಎತ್ತರ, ತೂಕ, ವಯಸ್ಸುಗಳಿಂದ ಇದು ಬದಲಾಗುವುದರಿಂದ ಆ ದೇಶದ ಅಂಕಿಯನ್ನು ನಮ್ಮವರ ಮೇಲೆ ಹಾಗೆಯೇ ಹೊರಿಸಲಾಗದು. ಆದರೂ ೩೫೦ ಮೀಟರಿಗಿಂತ ಕಡಿಮೆ ನಡೆಯುವ ರೋಗಿಗೆ ಅಪಾಯ ಹೆಚ್ಚೆಂಬುದು ಬಹುಮಟ್ಟಿಗೆ ಒಪ್ಪಿತವಾದ ವಿಷಯ. ೨೦೦೪ರಲ್ಲಿ ಸೆಲ್ಲಿ ಮತ್ತು ಸಂಗಡಿಗರು ದೇಹದ ತೂಕ, ಊದುವ ಶಕ್ತಿ, ಏದುಸಿರು, ೬ ನಿಮಿಷದ ನಡಿಗೆ ಈ ನಾಲ್ಕನ್ನೂ ಕೂಡಿಸಿ ಅಂಕ ಹಾಕಿದರೆ, ಊದುವ ಶಕ್ತಿಯೊಂದನ್ನೇ ನೋಡುವುದಕ್ಕಿಂತ ರೋಗಿಯ ಮುಂದಿನ ಗತಿ ಚೆನ್ನಾಗಿ ಗೊತ್ತಾಗುವುದೆಂದು ತೋರಿಸಿದರು.

ಎರಡನೆಯದು, ನಡೆಯುವಾಗ ಆಮ್ಲಜನಕ ಇಳಿಯುವುದೇ ಎಂಬುದು. ಕುಳಿತಾಗ ೯೫ ಇದ್ದುದು ನಾಲ್ಕು ನಿಮಿಷ ನಡೆಯುವಷ್ಟರಲ್ಲಿ ೮೬ಕ್ಕೆ ಇಳಿಯುವವರುಂಟು. ಇದು ಕುರ್ಚಿಯಲ್ಲಿ ಎಂದಿಗೂ ಕಾಣುವುದಿಲ್ಲ. ಹೀಗೆಂದು ಗೊತ್ತಾದ ಕೂಡಲೆ ಸಾಲ ಮಾಡಿ ಆಮ್ಲಜನಕದ ಯಂತ್ರವನ್ನು ಮನೆಗೆ ತರಬೇಕಾದುದಿಲ್ಲ. ಕುಳಿತಾಗ ಸ್ವಲ್ಪ ಮಟ್ಟಿಗೆ, ಇಲ್ಲವೆ ನಡೆದಾಗ ಮಾತ್ರ ಆಮ್ಲಜನಕ ಇಳಿಯುವ ೭೩೮ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು ೨೦೧೬ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನೆಯಲ್ಲಿ ಆಮ್ಲಜನಕ ಕೊಟ್ಟುದರಿಂದ ಆಯುಷ್ಯವಾಗಲಿ ಆಸ್ಪತ್ರೆ ಸೇರದಿರುವ ಕಾಲವಾಗಲಿ ಹೆಚ್ಚಲಿಲ್ಲ. ಕುಳಿತಾಗಲೂ ತೀರ ಕಡಿಮೆಯಿರುವವರ ಮಾತು ಬೇರೆ. ಅವರಿಗೆ ಅದು ಪ್ರಾಣಾಧಾರ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರೇ ನಿರ್ಣಯಿಸತಕ್ಕದ್ದು.

ಮೂರನೆಯದು, ಚಿಕಿತ್ಸೆಯಿಂದ ಗುಣವಾಯಿತೇ ಎಂಬುದು. ಇಲ್ಲಿ ರೋಗಿಯನ್ನು ಇನ್ನೊಬ್ಬರೊಡನೆ ಹೋಲಿಸದೆ ಅವನ ಹಿಂದಿನ ನಡಿಗೆಯೊಡನೆಯೇ ಹೋಲಿಸುವರು. ಸುಮಾರು ೩೦ ಮೀಟರಿನಷ್ಟು ಹೆಚ್ಚಾದರೆ ಅದು ನಿಜವಾದ ಸುಧಾರಣೆ. ಅಷ್ಟು ಕಡಿಮೆಯಾದರೆ ಎಚ್ಚರಗೊಳ್ಳಬೇಕು.

ಚಿಕಿತ್ಸೆಯೆಂದರೆ ಬರಿಯ ಇನ್‌ಹೇಲರಲ್ಲ. ಏದುಸಿರು ಬರುವುದೆಂದು ರೋಗಿ ನಡೆಯುವುದನ್ನು ಬಿಡುತ್ತಾನೆ; ಬಿಟ್ಟುದರಿಂದ ತೊಡೆ, ಮೀನಖಂಡಗಳ ಮಾಂಸ ಕರಗುವುದು; ಬಲಗುಂದಿದ ಕಾಲುಗಳು ಅಷ್ಟೇ ಕೆಲಸಕ್ಕೆ ಹೆಚ್ಚು ಉಸಿರನ್ನು ಬೇಡುವುವು; ಮತ್ತಷ್ಟು ಏದುಸಿರು, ಮತ್ತಷ್ಟು ಕೂರುವಿಕೆ. ಗಾಣದ ಎತ್ತಿನಂತೆ ರೋಗಿಯು ಈ ಸುತ್ತಿನಲ್ಲಿ ಸಿಕ್ಕಿಬೀಳುವನು. ಇದನ್ನು ಒಡೆಯುವ ಉಪಾಯಕ್ಕೆ ಶ್ವಾಸಕೋಶದ ಪುನಶ್ಚೇತನವೆಂದು ಹೆಸರು. ವಾರಕ್ಕೆ ಎರಡು ಮೂರು ಸಲದಂತೆ ಆರೆಂಟು ವಾರ ನಡಿಗೆಯನ್ನೂ ಕೈಕಾಲುಗಳ ವ್ಯಾಯಾಮವನ್ನೂ ಕ್ರಮವಾಗಿ ಏರಿಸುತ್ತ, ತುಟಿಗಳನ್ನು ಕೊಳಲೂದುವಂತೆ ಕಿರಿದು ಮಾಡಿ ಉಸಿರನ್ನು ನಿಧಾನವಾಗಿ ಬಿಡುವುದನ್ನು ಕಲಿಸುತ್ತಾರೆ. ನಡಿಗೆಯ ಪರೀಕ್ಷೆಯಿಲ್ಲದೆ ಈ ವ್ಯಾಯಾಮದ ಪ್ರಮಾಣವನ್ನು ಗೊತ್ತುಮಾಡುವುದು ಕಷ್ಟ. ಸುಶ್ರುತನ ಅರ್ಧಬಲವನ್ನು ತಿಳಿಯಬೇಕಾದರೆ ಪೂರ್ಣಬಲವೆಷ್ಟೆಂದು ಮೊದಲು ಗೊತ್ತಿರಬೇಕಷ್ಟೆ! ಲೋಕದ ಬೇರೆ ಬೇರೆ ಕಡೆಗಳಲ್ಲಿ ನಡೆದ ೬೫ ಪ್ರಯೋಗಗಳನ್ನು, ೩,೮೨೨ ಮಂದಿ ಪಾಲುಗೊಂಡಿದ್ದವನ್ನು, ೨೦೧೫ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಪುನಶ್ಚೇತನ ಪಡೆದವರ ೬ ನಿಮಿಷದ ನಡಿಗೆ ಸರಾಸರಿಯಲ್ಲಿ ೪೪ ಮೀಟರು ಹೆಚ್ಚಾಗಿತ್ತು. ಇದರಿಂದ ಕಿರಿದಾದ ನಾಳವೇನೂ ಹಿಗ್ಗುವುದಿಲ್ಲ. ಊದುವ ಅಂಕಿ ಬಹುಮಟ್ಟಿಗೆ ಇದ್ದಂತೆಯೇ ಇರುವುದು. ಮನುಷ್ಯ ಮಾತ್ರ ಜಗಲಿಯಿಂದ ಎದ್ದು ಹೊರಡುತ್ತಾನೆ. ೪೪ ಮೀಟರು ಎಂಬುದು ಕೇಳಲು ಅಲ್ಪ. ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿಬರುವ ದೂರ ಅದಕ್ಕಿಂತ ಹೆಚ್ಚೇನಿಲ್ಲ.

ಆದ್ದರಿಂದ ಮನೆಯವರಲ್ಲಿ ನನ್ನ ಒಂದು ಬಿನ್ನಹ. "ನೀವು ಏಳಬೇಡಿ ಅಪ್ಪಾ, ನಾನು ತಂದುಕೊಡುತ್ತೇನೆ" ಎಂಬುದು ಸತ್ಪುತ್ರನ ಮಾತೇ ಸರಿ. ಆದರೆ ವೈದ್ಯರು ನಡೆಯಬಹುದೆಂದು ಹೇಳಿದ ಮೇಲೂ ಹಿರಿಯರನ್ನು ಕೂರಿಸಿಯೇ ಇಟ್ಟರೆ, ಆ ಭಕ್ತಿ ಅವರ ಕಾಲುಗಳ ಬಲವನ್ನು ದಿನದಿನಕ್ಕೂ ತಿನ್ನುವುದು. "ಬನ್ನಿ ಅಪ್ಪಾ, ತೆಂಗಿನ ಮರದವರೆಗೆ ಹೋಗಿ ಬರೋಣ" ಎಂದು ಜೊತೆಗೆ ಹೊರಡುವುದು ಅದಕ್ಕಿಂತ ದೊಡ್ಡ ಸೇವೆ.

ಹೆಂಗಸರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಬೀಡಿ ಸೇದದ ಹೆಣ್ಣುಮಗಳಿಗೆ ಈ ರೋಗವೆಲ್ಲಿಂದ ಬಂತೆಂದು ಕೇಳುವವರಿದ್ದಾರೆ. ನಲವತ್ತು ವರ್ಷ ದಿನಕ್ಕೆ ಎರಡು ಹೊತ್ತು ಒಲೆಯ ಮುಂದೆ ಕುಳಿತು ಊದುಗೊಳವೆಯಿಂದ ಊದಿದ ಹೊಗೆ ಎಲ್ಲಿಗೆ ಹೋಯಿತು? ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹುಟ್ಟಿದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವು ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿ ನಾಡಿಗೆ ಕೊಟ್ಟಿತು. ೨೦೧೬ರ ಮೇ ೧ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸು ಬಂತು. ಆದರೂ ಸ್ನಾನದ ನೀರಿಗೆ, ರಾಗಿ ಮುದ್ದೆಗೆ, ದನದ ಬೂಸಕ್ಕೆ ಸೌದೆಯ ಒಲೆ ಇನ್ನೂ ಎಷ್ಟೋ ಮನೆಗಳಲ್ಲಿ ಉರಿಯುತ್ತಿದೆ. ಹಿಂದೆ ಕುಡಿದ ಹೊಗೆಯ ಫಲವಂತೂ ಉಳಿದೇ ಇದೆ. ನಮ್ಮ ತಾಯಂದಿರು ಕಷ್ಟವನ್ನು ಹೇಳಿಕೊಳ್ಳುವವರಲ್ಲ. "ಏನಮ್ಮಾ, ಉಸಿರು ಕಟ್ಟುತ್ತದೆಯೆ?" ಎಂದು ಡಾಕ್ಟರು ಕೇಳಿದರೆ "ಹಾಗೇನಿಲ್ಲ, ಸ್ವಲ್ಪ ಸುಸ್ತು" ಎನ್ನುವರು. ಕೆಲಸವನ್ನು ನಿಧಾನವಾಗಿ ಮಾಡುತ್ತ, ನಡುನಡುವೆ ಕೂರುತ್ತ ತಮ್ಮ ಏದುಸಿರನ್ನು ತಮಗೇ ಮರೆಮಾಡಿಕೊಂಡಿರುವರು. ನಡಿಗೆಯ ಪರೀಕ್ಷೆಯ ಮುಂದೆ ಈ ಸಂಕೋಚ ನಡೆಯದು. ಆಕೆ ಬಾಯಿಬಿಟ್ಟು ಹೇಳದುದನ್ನು ೩೦ ಮೀಟರಿನ ಹಜಾರ ಹೇಳಿಬಿಡುವುದು. ಅತ್ತೆಯನ್ನೋ ತಾಯಿಯನ್ನೋ ಕರೆದುಕೊಂಡು ಹೋಗುವ ಸೊಸೆ ಮಗಳಂದಿರು ಇದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು.

ಈ ಜಾತಿಯ ಪರೀಕ್ಷೆಗಳು ಬೇರೆಯೂ ಇವೆ. ೧೯೯೨ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ರೂಪುಗೊಂಡ ಷಟಲ್ ನಡಿಗೆಯಲ್ಲಿ ೧೦ ಮೀಟರಿನ ದಾರಿಯಲ್ಲಿ ಯಂತ್ರದ ಸದ್ದಿಗೆ ಸರಿಯಾಗಿ ಅತ್ತಿತ್ತ ನಡೆಯಬೇಕು. ನಿಮಿಷನಿಮಿಷಕ್ಕೂ ವೇಗ ಏರುವುದು. ಸ್ಥಳ ಕಡಿಮೆಯಿದ್ದಲ್ಲಿ, ಒಂದು ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಲ್ಲರೆಂದು ಎಣಿಸುವರು. ದೊಡ್ಡ ಆಸ್ಪತ್ರೆಗಳಲ್ಲಿ ನಿಂತಲ್ಲಿಯೇ ತುಳಿಯುವ ಸೈಕಲಿನ ಮೇಲೆ ಕೂರಿಸಿ, ಮುಖವಾಡದ ಮೂಲಕ ಉಸಿರಿನಲ್ಲಿಯ ವಾಯುಗಳನ್ನೇ ಅಳೆದು, ದೋಷವಿರುವುದು ಶ್ವಾಸಕೋಶದಲ್ಲೋ ಹೃದಯದಲ್ಲೋ ಮಾಂಸಖಂಡಗಳಲ್ಲೋ ಎಂಬುದನ್ನು ಬಿಡಿಸಿ ನೋಡುವ ಪರೀಕ್ಷೆಯುಂಟು. ಶ್ವಾಸಕೋಶವನ್ನು ಕತ್ತರಿಸುವ ಶಸ್ತ್ರಕ್ರಿಯೆಗೆ ಮುನ್ನ ಅದು ಬಹಳ ಉಪಯುಕ್ತ.

ಎಚ್ಚರಿಕೆಯ ಮಾತುಗಳನ್ನೂ ಹೇಳದೆ ಬಿಡಕೂಡದು. ಇದು ಸುಲಭವೆಂದು ಕೇಳಿ, ಮನೆಯಲ್ಲಿ ಅಜ್ಜನನ್ನು ಅಂಗಳದುದ್ದಕ್ಕೂ ಗಡಿಯಾರ ಹಿಡಿದು ನಡೆಸುವ ಸಾಹಸಕ್ಕೆ ಮೊಮ್ಮಕ್ಕಳು ಕೈಹಾಕಕೂಡದು. ಈಚೆಗೆ ಒಂದು ತಿಂಗಳೊಳಗಾಗಿ ಹೃದಯಾಘಾತವಾದವರಿಗೆ, ಕುಳಿತಾಗಲೂ ಎದೆನೋವು ಬರುವವರಿಗೆ ಈ ಪರೀಕ್ಷೆ ಸಲ್ಲದು. ಕುಳಿತಾಗಲೇ ನಾಡಿ ೧೨೦ಕ್ಕೆ ಮೀರಿದ್ದರೆ, ರಕ್ತದ ಒತ್ತಡ ೧೮೦ಕ್ಕೆ ಇಲ್ಲವೆ ಕೆಳಗಿನ ಅಂಕಿ ೧೦೦ಕ್ಕೆ ಮೀರಿದ್ದರೆ ವೈದ್ಯರು ಯೋಚಿಸಿಯೇ ಮುಂದುವರಿಯುವರು. ನಡೆಯುವಾಗ ಎದೆನೋವು, ತತ್ತರಿಕೆ, ತಣ್ಣನೆಯ ಬೆವರು, ಮುಖ ಬಿಳಿಚುವಿಕೆ ಕಂಡರೆ, ಅಥವಾ ಆಮ್ಲಜನಕ ೮೦ಕ್ಕಿಂತ ಕೆಳಗಿಳಿದರೆ ತಕ್ಷಣ ನಿಲ್ಲಿಸತಕ್ಕದ್ದು. ಆದಕಾರಣ ಪ್ರಥಮೋಪಚಾರಕ್ಕೆ ಅನುಕೂಲವಿರುವ ಕಡೆಯಲ್ಲಿಯೇ ಇದು ನಡೆಯಬೇಕು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಆಕ್ಸಿಮೀಟರು ತಪ್ಪು ಅಂಕಿಯನ್ನು ತೋರಿಸಬಹುದು. ನಡಿಗೆ ಸುಧಾರಿಸಿತೆಂದು ಇನ್‌ಹೇಲರನ್ನು ತಾನಾಗಿ ನಿಲ್ಲಿಸುವುದಂತೂ ಮಹಾಪ್ರಮಾದ.

ಈ ಪರೀಕ್ಷೆಗೆ ಬೇಕಾದುವು ಒಂದು ಹಜಾರ, ಒಂದು ಗಡಿಯಾರ, ಒಂದು ಕುರ್ಚಿ, ಒಂದು ಆಕ್ಸಿಮೀಟರು, ಒತ್ತಡ ನೋಡುವ ಯಂತ್ರ, ಮತ್ತು ತರಬೇತಿ ಹೊಂದಿದ ಒಬ್ಬರ ಅರ್ಧ ಗಂಟೆಯ ತಾಳ್ಮೆ. ಇವುಗಳಲ್ಲಿ ಬಹು ಬೆಲೆಯದು ಕೊನೆಯದೇ. ಕಡೂರು, ತರೀಕೆರೆ, ಅಜ್ಜಂಪುರಗಳಂಥ ತಾಲ್ಲೂಕು ಕೇಂದ್ರಗಳಲ್ಲಿ ಇಂಥ ಪರೀಕ್ಷೆ ಎಲ್ಲ ಕಾಲದಲ್ಲಿಯೂ ದೊರೆಯುವಂತಾದರೆ, ಏದುಸಿರಿನ ಮುದುಕರು ಬರಿಯ ನಡಿಗೆಯನ್ನು ಅಳೆಸಿಕೊಳ್ಳುವುದಕ್ಕಾಗಿ ಶಿವಮೊಗ್ಗಕ್ಕೋ ಬೆಂಗಳೂರಿಗೋ ರೈಲು ಹತ್ತುವ ಶ್ರಮ ತಪ್ಪುವುದು. ಊರಿನ ಹಿರಿಯರೂ ಆಸ್ಪತ್ರೆಯ ಸಮಿತಿಗಳಲ್ಲಿರುವ ಮಹನೀಯರೂ ಈ ಮಾತನ್ನು ವೈದ್ಯಾಧಿಕಾರಿಗಳ ಮುಂದಿಡುವುದು ಯೋಗ್ಯ.

ಅಲ್ಲಿಯವರೆಗೂ ಪ್ರತಿಯೊಂದು ಮನೆಯವರೂ ಮಾಡಬಹುದಾದುದಿದೆ. ಮುಂದಿನ ಸಲ ಡಾಕ್ಟರ ಬಳಿಗೆ ಹೋಗುವಾಗ "ಉಬ್ಬಸ ಜಾಸ್ತಿ" ಎಂದಷ್ಟೇ ಹೇಳದೆ, ಮನೆಯಿಂದ ಎಲ್ಲಿಯವರೆಗೆ ನಿಲ್ಲದೆ ನಡೆಯುತ್ತಾರೆ, ಹೋದ ವರ್ಷ ಇದೇ ಕಾಲದಲ್ಲಿ ಎಲ್ಲಿಯವರೆಗೆ ನಡೆಯುತ್ತಿದ್ದರು, ಯಾವ ಕೆಲಸವನ್ನು ಉಸಿರಿಗಾಗಿ ಬಿಟ್ಟಿದ್ದಾರೆ ಎಂಬ ಮೂರು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಊದುವ ಪರೀಕ್ಷೆ ಆಗಿದೆಯೇ, ನಡಿಗೆಯ ಪರೀಕ್ಷೆ ಬೇಕೇ, ವ್ಯಾಯಾಮವನ್ನು ಎಷ್ಟರಿಂದ ಆರಂಭಿಸಬೇಕು ಎಂದು ವಿನಯದಿಂದ ಕೇಳಿರಿ. ಉತ್ತರವನ್ನು ಅದೇ ಚೀಟಿಯಲ್ಲಿ ಗುರುತು ಹಾಕಿಕೊಂಡು, ದಿನಾಂಕವನ್ನೂ ಬರೆದು, ಗೋಡೆಯ ಪಂಚಾಂಗದ ಹಿಂದೆ ಸಿಕ್ಕಿಸಿಡಿ. ಆರು ತಿಂಗಳ ಮೇಲೆ ತೆಗೆದು ನೋಡಿದಾಗ ಅದು ನಿಮಗೂ ಡಾಕ್ಟರಿಗೂ ಉಪಯೋಗಕ್ಕೆ ಬರುವುದು.